ಗುರುತು ಕೊಟ್ಟವಳು

ಮಾಡದಕೆರೆಯ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡಲು ಜಯಶೀಲಾ ಸೇರಿ ಹದಿನಾಲ್ಕು ವರ್ಷವಾಯಿತು. ಬೆಳಗಿನ ಪ್ರಾರ್ಥನೆಯ ದನಿ ಕೇಳಿದರೆ ಸಾಕು, ಇವತ್ತು ಎಷ್ಟು ತಟ್ಟೆ ಎಂದು ಅವಳಿಗೆ ಗೊತ್ತಾಗುತ್ತದೆ. ಹಾಜರಿ ಪುಸ್ತಕ ಅಡಿಗೆಕೋಣೆಗೆ ಬರುವ ಮೊದಲೇ ಅಕ್ಕಿ ತೊಳೆದಿಟ್ಟಿರುತ್ತಾಳೆ. ಹೊಸದಾಗಿ ಬಂದ ಹೆಡ್‌ಮಾಸ್ಟರು ಪರೀಕ್ಷೆ ಮಾಡಲೆಂದು, "ಎಷ್ಟು ಜನ ಬಂದಿದ್ದಾರೆ ಹೇಳಮ್ಮ ನೋಡೋಣ" ಎಂದಿದ್ದರಂತೆ. "ಎಪ್ಪತ್ತೊಂದು ಸಾರ್. ಅದರಾಗೆ ಒಬ್ಬಳಿಗೆ ನೆಗಡಿ, ಊಟ ಸೇರಲ್ಲ" ಎಂದಳಂತೆ. ಎಣಿಸಿದರೆ ಎಪ್ಪತ್ತೊಂದೇ ಇತ್ತು.

ನಮ್ಮ ಮನೆ ಅವಳ ಮನೆಯ ಹಿಂದಿನ ಓಣಿಯಲ್ಲಿದೆ. ಸಂಜೆ ಬಂದು ನಮ್ಮ ಜಗಲಿಯ ಮೇಲೆ ಕೂತು ನಾಳೆಯ ಬೇಳೆ ಆರಿಸುತ್ತಾಳೆ. ನಾನು ಕೇಳುತ್ತೇನೆ. ಅವಳು ಹೇಳಿದ್ದನ್ನು ಬರೆಯಲೇ ಎಂದು ಕೇಳಿದಾಗ, "ಬರಿಯಕ್ಕ. ನನ್ನ ಹೆಸರೂ ಬರಿ. ಊರಿಗೆಲ್ಲ ಗೊತ್ತಿರೋದ್ನ ಮುಚ್ಚಿಟ್ಟು ಏನಾಗ್ಬೇಕು" ಎಂದಳು.

ಅವಳು ಹುಟ್ಟಿದ್ದು ಕುರಿ ಕಾಯುವವರ ಮನೆಯಲ್ಲಿ. ಅಪ್ಪ ವರ್ಷದಲ್ಲಿ ಆರು ತಿಂಗಳು ಕುರಿ ಹಿಂಡಿನ ಜೊತೆ ಊರೂರು ಸುತ್ತುತ್ತಿದ್ದ. ಅವನ ಹಿಂದೆ ಇವಳೂ ಸುತ್ತಿದ್ದರಿಂದ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಅವರ ಮನೆಗಳಲ್ಲಿ ಸತ್ತ ಹಿರಿಯರು ಹಬ್ಬದ ದಿನ ಮನೆಯವರ ಮೈಮೇಲೆ ಬಂದು ಮಾತಾಡುತ್ತಾರೆ. ಜಯಶೀಲಾ ಒಂಬತ್ತು ವರ್ಷದವಳಿದ್ದಾಗ, ತೀರಿಕೊಂಡಿದ್ದ ಅಜ್ಜಿ ಇವಳ ದೊಡ್ಡತ್ತೆಯ ಮೇಲೆ ಬಂದು, ತನಗೆ ಹಸಿರು ಸೀರೆ ಬೇಕು, ಜರಿಯಂಚು ಇರಬೇಕು ಎಂದು ಅತ್ತಳಂತೆ. ಎಲ್ಲರೂ ಗಾಬರಿಬಿದ್ದು ಹಿರಿಯೂರಿನಿಂದ ಸೀರೆ ತಂದು ಎಡೆಯ ಮುಂದೆ ಇಟ್ಟರು. ಮುಂದಿನ ಸೋಮವಾರ ಅದೇ ಸೀರೆಯನ್ನು ದೊಡ್ಡತ್ತೆ ಉಟ್ಟುಕೊಂಡು ಸಂತೆಗೆ ಹೊರಟಳು. "ಅಜ್ಜೀ, ಸಂತೆಗೆ ಹೊಂಟೆಯೇನೇ?" ಎಂದು ಜಯಶೀಲಾ ಕೂಗಿದಳು. ಕೆನ್ನೆಗೆ ಬಿದ್ದ ಏಟಿನ ಉರಿ ಸಂಜೆಯವರೆಗೆ ಇತ್ತು. ಆದರೂ ಅವತ್ತಿನಿಂದ, ಯಾರ ಮೈಮೇಲೆ ಯಾರು ಬಂದರೂ ಅವಳಿಗೆ ನಗುವೇ ಬರುತ್ತಿತ್ತು.

ಅವಳ ಗಂಡ ತಿಮ್ಮೇಶ ಹಾಗಲ್ಲ. ಅವನು ನಂಬುವವನು. ಅವ್ವ ಬೇಗ ತೀರಿಕೊಂಡಿದ್ದರಿಂದ ಅಕ್ಕ ನಿಂಗಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದ್ದಳು. ನಿಂಗಕ್ಕನನ್ನು ಹಿರಿಯೂರು ತಾಲ್ಲೂಕಿನ ಆದಿವಾಲಕ್ಕೆ ಕೊಟ್ಟಿದ್ದಾರೆ. ಪ್ರತಿ ಮಹಾಲಯ ಅಮಾವಾಸ್ಯೆಗೆ ಅವಳು ತವರಿಗೆ ಬರುತ್ತಿದ್ದಳು, ಅವಳ ಮೈಮೇಲೆ ಅವ್ವ ಬರುತ್ತಿದ್ದಳು, ತಿಮ್ಮೇಶ ಆ ಕಾಲು ಹಿಡಿದು ಅಳುತ್ತಿದ್ದ. ಜಯಶೀಲಾ ಒಳಗೆ ಹೋಗಿ ಸೊಳ್ಳೆ ಹೊಡೆಯುವವಳ ಹಾಗೆ ಮುಖ ಮಾಡಿಕೊಂಡು ಕೂರುತ್ತಿದ್ದಳು. "ನಿನಗೆ ಕಲ್ಲಿನ ಎದೆ ಕಣೇ" ಎನ್ನುತ್ತಿದ್ದನಂತೆ ಅವನು. "ಕಲ್ಲಾದ್ರೆ ನಿನ್ನ ಜೊತೆ ಬಾಳ್ವೆ ಮಾಡ್ತಿದ್ನಾ" ಎನ್ನುತ್ತಿದ್ದಳಂತೆ ಇವಳು.

ತಿಮ್ಮೇಶ ಪಿಕಪ್ ಗಾಡಿಯಲ್ಲಿ ಸಂತೆಗಳಿಗೆ ಕುರಿ ಸಾಗಿಸುತ್ತಿದ್ದ. ಒಬ್ಬಳೇ ಮಗಳು ಕಾವ್ಯಶ್ರೀ ಹೊಸದುರ್ಗದಲ್ಲಿ ಮೊದಲ ಪಿಯುಸಿ ಓದುತ್ತಿದ್ದಳು. ಆ ವರ್ಷ ನವೆಂಬರಿನಲ್ಲಿ ಒಂದು ದಿನ ಕಾಲೇಜಿನಲ್ಲಿ ತಂದೆ ತಾಯಿಯರ ಸಭೆ ಇತ್ತು. ಅಪ್ಪ ಬರಲೇಬೇಕೆಂದು ಹುಡುಗಿ ಕೇಳಿದ್ದಳು. ಅವನು ಬೆಳಿಗ್ಗೆ ಎದ್ದವನೇ ಲೋಡ್ ಇದೆ ಎಂದ. ಜಯಶೀಲಾ ರೇಗಿದಳು. "ಹೋಗು. ಕುರಿ ಜೊತೆನೇ ಇದ್ದುಬಿಡು, ಮನೆಗ್ಯಾಕೆ ಬರ್ತೀಯ" ಎಂದಳು. ಅವನು ರೊಟ್ಟಿ ಮುಟ್ಟದೆ ಹೊರಟುಹೋದ.

ಹನ್ನೊಂದೂಕಾಲರ ಹೊತ್ತಿಗೆ ಶಾಲೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಫೋನ್ ಬಂತು. ಅವನ ಹೆಸರು ನೋಡಿ ಫೋನನ್ನು ಹಿಟ್ಟಿನ ಡಬ್ಬದ ಮೇಲೆ ಬೋರಲಾಗಿ ಇಟ್ಟಳು. ಮತ್ತೆ ಬಂತು. ಮತ್ತೂ ಒಂದು ಸಲ ಬಂತು. ಬರಲಿ, ಸ್ವಲ್ಪ ಉರಿಯಲಿ ಎಂದುಕೊಂಡಳು. ಮಕ್ಕಳು ಊಟಕ್ಕೆ ಕೂತಾಗ ಬೇರೆ ನಂಬರಿನಿಂದ ಫೋನ್ ಬಂತು.

ಹಿರಿಯೂರಿನ ಕಡೆಯ ರಸ್ತೆಯಲ್ಲಿ ಅವನು ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಕೆಳಗಿಳಿದು ನಿಂತಿದ್ದ. ಹಿಂದಿನಿಂದ ಬಂದ ಲಾರಿ ಗಾಡಿಯನ್ನೂ ಅವನನ್ನೂ ಎಳೆದುಕೊಂಡು ಹೋಗಿತ್ತು. ಯಾಕೆ ನಿಲ್ಲಿಸಿದ್ದನೋ ಎಂದು ಎಲ್ಲರೂ ಕೇಳಿದರು. ಟೈರು ನೋಡಲು ಎಂದರು ಕೆಲವರು, ಮೂತ್ರಕ್ಕೆ ಎಂದರು ಕೆಲವರು. ಅವನ ಫೋನು ಪುಡಿಯಾಗಿತ್ತು. ತನಗೆ ಫೋನ್ ಮಾಡಲು ನಿಲ್ಲಿಸಿದ್ದನೆಂದು ಜಯಶೀಲಾಗೆ ಮಾತ್ರ ಗೊತ್ತಿತ್ತು. ಮೊದಲನೆಯ ಸಲವೇ ಎತ್ತಿದ್ದರೆ ಎರಡು ಮಾತಾಡಿ, ಬೈಸಿಕೊಂಡು, ಅವನು ಅಲ್ಲಿಂದ ಹೊರಟಿರುತ್ತಿದ್ದ. ಆ ಮೂರು ಕರೆಗಳ ವಿಷಯವನ್ನು ಅವಳು ಯಾರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ತನ್ನ ಫೋನಿನಿಂದ ಅಳಿಸಿಹಾಕಿದಳು.

ಏನು ಹೇಳಲು ಮಾಡಿದ್ದ? ಇದೊಂದೇ ಪ್ರಶ್ನೆ ಅವಳನ್ನು ಎರಡು ವರ್ಷ ತಿಂದಿತು. ಸಭೆಗೆ ಬರುತ್ತೇನೆ ಎನ್ನಲು ಮಾಡಿದ್ದನೋ, ಬೈಯಲು ಮಾಡಿದ್ದನೋ, ರೊಟ್ಟಿ ತೆಗೆದಿಡು ಎನ್ನಲು ಮಾಡಿದ್ದನೋ. "ಬೈಯಾಕೆ ಮಾಡಿದ್ರೂ ಸಾಕಿತ್ತಕ್ಕ, ಅದು ಬೈಗುಳ ಅಂತಾದ್ರೂ ಗೊತ್ತಾಗಿದ್ರೆ" ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. ಆಗ ಮಾತ್ರ ಏನೂ ಹೇಳಿರಲಿಲ್ಲ. ಬೇಳೆ ಆರಿಸಿ ಎದ್ದು ಹೋಗುತ್ತಿದ್ದಳು.

ಅವರಲ್ಲಿ ಸತ್ತು ವರ್ಷ ತುಂಬುವವರೆಗೆ ಹಿರಿಯರ ಸಾಲಿಗೆ ಸೇರಿಸುವುದಿಲ್ಲ. ಹಾಗಾಗಿ ಮೊದಲ ಮಹಾಲಯ ಬಿಟ್ಟು ಎರಡನೆಯದರಲ್ಲಿ ತಿಮ್ಮೇಶನಿಗೆ ಎಡೆ ಇಡಬೇಕಾಯಿತು. ಆ ಸಲದ ಅಮಾವಾಸ್ಯೆ ಗಾಂಧಿ ಜಯಂತಿಯ ದಿನವೇ ಬಂದಿತ್ತು. ಹೊಸದುರ್ಗದಲ್ಲಿ ಮಾಂಸದ ಅಂಗಡಿ ಮುಚ್ಚಿಸಿದ್ದಾರೆಂದು ಯಾರೋ ಹೇಳಿದಾಗ, ತಿಮ್ಮೇಶನ ಚಿಕ್ಕಪ್ಪ ಗೋವಿಂದಪ್ಪ, "ನಾವೇನು ಮಾರ್ತೀವೇನಲೇ? ನಮ್ಮ ಹುಡುಗ ಉಣ್ಣಾಕೆ ಬರ್ತಾನೆ. ಗಾಂಧೀನೂ ಬಂದ್ರೆ ಅವ್ರಿಗೆ ಮುದ್ದೆ ಸೊಪ್ಪು ಹಾಕಾಣ" ಎಂದು ಮನೆಯ ಟಗರನ್ನೇ ಕೊಯ್ಯಿಸಿದ. ಮನೆಗೆ ಅವನೇ ಹಿರಿಯ.

ಎಡೆಯಲ್ಲಿ ಹೊಸ ಪಂಚೆ, ಅನ್ನ, ಮಾಂಸದ ಸಾರು, ಅವನು ಸೇದುತ್ತಿದ್ದ ಬೀಡಿಯ ಕಟ್ಟು ಇಟ್ಟರು. ಸತ್ತವರು ಉಣ್ಣುವಾಗ ಬದುಕಿದ್ದವರು ನೋಡಬಾರದೆಂದು ಬಾಗಿಲು ಮುಚ್ಚಿ ಹೊರಗೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ಗೋವಿಂದಪ್ಪ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದ. ತೆಗೆದದ್ದೇ ನಿಂಗಕ್ಕ ಹೊಸ್ತಿಲಲ್ಲಿ ಕುಸಿದು ಕೂತಳು.

ಮುಂದಿನದನ್ನು ಜಯಶೀಲಾ ಹಲವು ಸಲ ಹೇಳಿದ್ದಾಳೆ. ಗೋವಿಂದಪ್ಪನನ್ನು ಕೇಳಿದರೂ ಅದನ್ನೇ ಹೇಳುತ್ತಾನೆ.

ನಿಂಗಕ್ಕ ಕೂತ ರೀತಿಯೇ ಬೇರೆಯಾಯಿತು. ಒಂದು ಮಂಡಿ ಎತ್ತಿ, ಬಲಗೈಯಿಂದ ಎಡಭುಜ ತಿಕ್ಕಿಕೊಳ್ಳತೊಡಗಿದಳು. ಕುರಿ ಎತ್ತಿ ಗಾಡಿಗೆ ಹಾಕಿ ಹಾಕಿ ತಿಮ್ಮೇಶನಿಗೆ ಎಡಭುಜದ ನೋವಿತ್ತು. ಗೋವಿಂದಪ್ಪ ಅವಳ ಹಣೆಗೆ ಭಂಡಾರದ ಅರಿಶಿನ ಹಚ್ಚಿ ಕೇಳಿದ:

"ಬಂದೋನು ಯಾರಪ್ಪ? ಹಳಬನೋ, ಹೊಸಬನೋ?"

"ಹೊಸಬ."

"ಹೊಸಬ ಆದ್ರೆ ಗುರುತು ಹೇಳಪ್ಪ. ಸುಮ್ಮನೆ ಬಂದು ಉಂಡು ಹೋಗೋರು ಬೇಕಾದಷ್ಟು ಅವ್ರೆ."

ಗುರುತು ಕೇಳುವುದು ಅವರ ಕಟ್ಟುನಿಟ್ಟಿನ ಪದ್ಧತಿ. ಬೇರೆಯವರಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನು ಬಂದವನೇ ಹೇಳಬೇಕು. ಕೇಳುವವರು ಬಾಯಿ ಬಿಡಬಾರದು, ಸುಳಿವೂ ಕೊಡಬಾರದು. ಗುರುತು ಹೊಂದಿದರೆ ಅವನ ಮಾತು ಮನೆಗೆಲ್ಲ ಕಟ್ಟು. ಹೊಂದದಿದ್ದರೆ ನೀರು ಚಿಮುಕಿಸಿ ಕಳಿಸುತ್ತಾರೆ. ಇನ್ನೊಂದು ಮಾತೂ ಉಂಟು. ಸತ್ತವರು ತಮ್ಮ ರಕ್ತದವರ ಮೇಲಷ್ಟೇ ಬರುತ್ತಾರೆ. ಹೆಂಡತಿ ಬೇರೆ ಮನೆಯಿಂದ ಬಂದವಳು, ಅವಳ ಮೇಲೆ ಬರುವುದಿಲ್ಲ.

ನಿಂಗಕ್ಕ ಬಹಳ ಹೊತ್ತು ಭುಜ ತಿಕ್ಕಿದಳು. ಆಮೇಲೆ ಕೈ ಎತ್ತಿ ಜಯಶೀಲಾ ಕಡೆ ತೋರಿಸಿದಳು.

"ಗುರುತು ಅವಳ ಹತ್ರ ಐತೆ."

ಜಯಶೀಲಾ ಅವತ್ತು ನಗಲು ತಯಾರಾಗಿ ಬಂದಿದ್ದಳು. ಆ ಕೈ ತನ್ನ ಕಡೆ ತಿರುಗಿದಾಗ ನಗು ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಎರಡು ವರ್ಷದಿಂದ ಹಲ್ಲು ಕಚ್ಚಿ ಹಿಡಿದಿದ್ದ ಮಾತು ತಾನೇ ಹೊರಗೆ ಬಂತು.

"ಮೂರು ಸಲ ಫೋನ್ ಮಾಡಿದ್ಯಲ್ಲ! ನಾ ನೋಡ್ಕೊಂಡೇ ಎತ್ತಲಿಲ್ಲ ಕಣೋ! ಏನ್ ಹೇಳಾಕೆ ಮಾಡಿದ್ದೆ? ಅದೊಂದು ಹೇಳು, ನಿನ್ನ ಕಾಲಿಗೆ ಬೀಳ್ತೀನಿ!"

ಕೂತವರೆಲ್ಲ ಉಸಿರು ಬಿಟ್ಟರು. "ಸಿಕ್ತು ಬಿಡ್ರಪ್ಪ ಗುರುತು. ಅವನೇ" ಎಂದ ಗೋವಿಂದಪ್ಪ. ಗುರುತು ಹೇಳಿದ್ದು ಬಂದವನಲ್ಲ, ಕೇಳಬೇಕಾದವಳು ಎಂಬುದು ಆ ಗಳಿಗೆಯಲ್ಲಿ ಯಾರ ತಲೆಗೂ ಬರಲಿಲ್ಲ. ಜಯಶೀಲಾ ತಲೆಗೂ ಬರಲಿಲ್ಲ. ಅವಳು ನಿಂಗಕ್ಕನ ಪಾದ ಹಿಡಿದುಕೊಂಡಿದ್ದಳು. ಆ ಪಾದಕ್ಕೆ ಕಾಲುಂಗುರ ಇದ್ದದ್ದೂ ಅವಳಿಗೆ ಕಾಣಲಿಲ್ಲವಂತೆ.

"ಮಾಡ್ದೆ. ನೀ ಎತ್ಲಿಲ್ಲ" ಎಂದಿತು ಆ ದನಿ. ಅಳುವ ದನಿ. "ಹುಡುಗೀನ ಅಕ್ಕನ ಮನೀಗೆ ಕೊಡು ಅಂತ ಹೇಳಾಕೆ ಮಾಡಿದ್ದೆ. ಕಲ್ಲೇಶಂಗೆ ಕೊಡು. ದೂರ ಕಳಿಸಬ್ಯಾಡ."

ಕಲ್ಲೇಶ ನಿಂಗಕ್ಕನ ಮಗ. ಟ್ರ್ಯಾಕ್ಟರ್ ಓಡಿಸುತ್ತಾನೆ, ಕುಡಿಯುವುದಿಲ್ಲ, ಮಾತು ಕಡಿಮೆ. ಸೋದರತ್ತೆಯ ಮಗನಿಗೆ ಕೊಡುವುದು ಅವರಲ್ಲಿ ಮೊದಲಿನಿಂದ ಬಂದದ್ದೇ. ನಿಂಗಕ್ಕ ಬೇಸಿಗೆಯಲ್ಲೇ ಕೇಳಿ ಕಳಿಸಿದ್ದಳು. ಹುಡುಗಿಗೆ ಚಿತ್ರದುರ್ಗದಲ್ಲಿ ನರ್ಸಿಂಗ್ ಸೀಟು ಆಗಿತ್ತು. ಕಾವ್ಯಶ್ರೀಯೇ ಬೇಡ ಎಂದಿದ್ದಳು, ಜಯಶೀಲಾ ಅದನ್ನೇ ಹೇಳಿ ಕಳಿಸಿದ್ದಳು. ಈಗ ನಿಂಗಕ್ಕ ಕೇಳಿದ್ದ ಅದೇ ಮಾತು ಸತ್ತವನ ಬಾಯಲ್ಲಿ ಬಂದಿತ್ತು.

ಜಯಶೀಲಾ ಪಾದ ಬಿಟ್ಟು ಎದ್ದು ಕೂತಳು. ಕಣ್ಣೊರೆಸಿಕೊಂಡಳು.

"ಅದಕ್ಕಾ ಮಾಡಿದ್ದೆ?"

"ಅದಕ್ಕೇ."

"ಮಗಳು ಅವತ್ತು ಕಾಲೇಜಿನ ಬಾಗಿಲಾಗೆ ನಿನಗೋಸ್ಕರ ನಿಂತಿದ್ಲು. ಅದರ ಮಾತೇ ಇಲ್ಲ. ಹದಿನಾರು ವರ್ಷದ ಹುಡುಗಿ ಮದುವೆ ಮಾತಾಡಾಕೆ ರಸ್ತೆ ಪಕ್ಕ ಗಾಡಿ ನಿಲ್ಸಿದ್ಯಾ?"

ದನಿ ಅಳುತ್ತಲೇ ಇತ್ತು. ಜಯಶೀಲಾ ಹೇಳಿದಳು:

"ನೀನು ಅವನಲ್ಲದಿದ್ರೆ ಎದ್ದು ಹೋಗು. ಅವನೇ ಆಗಿದ್ರೂ ಎದ್ದು ಹೋಗು. ನಾನು ಕೊಡಲ್ಲ."

ಗೋವಿಂದಪ್ಪ ತಡೆಯಲು ಬಂದ. "ಸತ್ತೋನ ಮಾತು ಮೀರಿದ್ರೆ ಮನೆ ಉಳಿಯಲ್ಲ ಕಣವ್ವ."

"ಬದುಕಿದ್ದಾಗ ಅವನ ಮಾತು ಎಷ್ಟು ಸಲ ಮೀರಿದೀನಿ ಅಂತ ನಿಮಗೇನು ಗೊತ್ತು ಚಿಕ್ಕಮಾವ. ಆಗ ಮನೆ ಉಳ್ದಿತ್ತು" ಎಂದು ಬಿಂದಿಗೆ ಎತ್ತಿ ನಿಂಗಕ್ಕನ ತಲೆಯ ಮೇಲೆ ನೀರು ಸುರಿದಳು. ಚಿಮುಕಿಸಬೇಕಾದ ಕಡೆ ಸುರಿದಳು. ನಿಂಗಕ್ಕ ಒದ್ದೆ ಬಟ್ಟೆಯಲ್ಲಿ ನಡುಗುತ್ತ ಕಣ್ಣುಬಿಟ್ಟು, "ತಮ್ಮ ಎಲ್ಲಿ? ಹೋದ್ನಾ? ನನ್ನ ಕೂಸು ಹೋಯ್ತಾ?" ಎಂದು ಸುತ್ತ ನೋಡಿದಳು. ಆ ನೋಟದಲ್ಲಿ ನಾಟಕ ಇರಲಿಲ್ಲ ಎಂದು ಜಯಶೀಲಾ ತಾನಾಗಿಯೇ ಹೇಳುತ್ತಾಳೆ. ದೊಡ್ಡತ್ತೆಯ ಹಸಿರು ಸೀರೆಯಂಥದ್ದಲ್ಲ ಅದು. ನಿಂಗಕ್ಕನಿಗೆ ತಮ್ಮ ಬೇಕಿತ್ತು, ಬಂದಿದ್ದ. ತಾನು ಬಯಸಿದ್ದನ್ನೇ ಅವನ ಬಾಯಲ್ಲೂ ಕೇಳಿದಳು. "ಅದು ಮೋಸ ಆಗಿದ್ರೆ ಚೆನ್ನಾಗಿತ್ತಕ್ಕ, ಬೈದುಬಿಡ್ತಿದ್ದೆ."

ಅವತ್ತು ಊಟ ಮಾಡದೆಯೇ ಎಲ್ಲರೂ ಎದ್ದುಹೋದರು. ಸಂಜೆ ಮಗಳು ಹಿತ್ತಲಿನ ಕಲ್ಲಿನ ಮೇಲೆ ಕೂತಿದ್ದಳು. ತನಗಾಗಿ ತಾಯಿ ಊರನ್ನೇ ಎದುರುಹಾಕಿಕೊಂಡಳೆಂದು ಅವಳಿಗೆ ಸಮಾಧಾನವಾಗಿರಬೇಕೆಂದು ಜಯಶೀಲಾ ಎಣಿಸಿದ್ದಳು.

"ಮೂರು ಸಲ ಮಾಡಿದ್ನಾ ಅಪ್ಪ?"

"ಹೂಂ."

"ನೋಡಿದ್ಯಾ?"

"ನೋಡ್ದೆ."

"ನನಗ್ಯಾಕೆ ಹೇಳ್ಲಿಲ್ಲ?"

ಕಾವ್ಯಶ್ರೀಯೇ ಮುಂದುವರಿಸಿದಳು: "ಮದುವೆ ಬ್ಯಾಡ ಅಂದಿದ್ದು ಸರಿ. ಆದ್ರೆ ಅಪ್ಪನ್ನ ಯಾಕೆ ಓಡಿಸ್ದೆ? ನಾನಿನ್ನೂ ಮಾತಾಡಿರಲೇ ಇಲ್ಲ."

"ಅದು ಅಪ್ಪ ಅಲ್ಲ ಕಣೇ."

"ನಿನಗೆ ಹೆಂಗ್ ಗೊತ್ತು? ಅವತ್ತೂ ಎತ್ತಲಿಲ್ಲ, ಇವತ್ತೂ ಮಾತಾಡಾಕೆ ಬಿಡ್ಲಿಲ್ಲ."

ಹುಡುಗಿ ಚಿತ್ರದುರ್ಗದ ಹಾಸ್ಟೆಲಿಗೆ ಹೋದಳು. ಮೊದಲು ವಾರಕ್ಕೊಮ್ಮೆ ಬರುತ್ತಿದ್ದವಳು ತಿಂಗಳಿಗೊಮ್ಮೆ ಬರತೊಡಗಿದಳು. ಓದು ಜಾಸ್ತಿ ಎನ್ನುತ್ತಿದ್ದಳು. ಸಂಕ್ರಾಂತಿಗೆ ಬಂದಾಗ ಅವಳ ಬಟ್ಟೆ ಒಗೆಯಲು ಬ್ಯಾಗು ತೆಗೆದರೆ, ನೋಟ್ ಪುಸ್ತಕದ ಹಾಳೆಯಲ್ಲಿ ಕಟ್ಟಿದ್ದ ಭಂಡಾರದ ಪೊಟ್ಟಣ ಸಿಕ್ಕಿತು. ಅಮಾವಾಸ್ಯೆ ಅಮಾವಾಸ್ಯೆಗೂ ಹಿರಿಯೂರಿನ ಬಸ್ಸು ಹತ್ತಿ ಆದಿವಾಲಕ್ಕೆ, ಅತ್ತೆಯ ಮೈಮೇಲೆ ಬರುವ ಅಪ್ಪನನ್ನು ಮಾತಾಡಿಸಲು ಹೋಗುತ್ತಿದ್ದಳು. ಹೆಂಗಸರಿಗೆ ಟಿಕೇಟಿಲ್ಲ, ತಡೆಯುವವರೂ ಇಲ್ಲ.

ಜಯಶೀಲಾ ಬೈಯಲಿಲ್ಲ. ಪೊಟ್ಟಣವನ್ನು ದೇವರ ಮುಂದೆ ಇಟ್ಟು, "ಏನ್ ಹೇಳ್ತಾನೆ?" ಎಂದು ಕೇಳಿದಳು. ಕೇಳಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

"ಓದು ಅಂತಾನೆ. ಹುಷಾರು ಅಂತಾನೆ. ತಲೆ ಸವರ್ತಾನೆ."

"ಮದುವೆ ಮಾತು?"

"ಒಂದು ಸಲಾನೂ ಎತ್ತಿಲ್ಲ."

ಜಯಶೀಲಾಗೆ ಜೀವ ಬಂದಂತಾಯಿತು. ಇಷ್ಟೇ ಆದರೆ ಹೋಗಿ ಬರಲಿ, ತಂದೆಯಿಲ್ಲದ ಹುಡುಗಿ, ಯಾರೋ ಒಬ್ಬರು ತಲೆ ಸವರಿದರೆ ನನಗೇನು ನಷ್ಟ ಎಂದುಕೊಂಡಳು. ನನ್ನ ಹತ್ತಿರವೂ ಹಾಗೇ ಹೇಳಿದಳು. ನಮ್ಮಲ್ಲಿ ಸತ್ತವರನ್ನು ಶಿವನಲ್ಲಿ ಸೇರಿದರೆಂದು ಕೈಮುಗಿದು ಮಣ್ಣು ಮಾಡಿ ಬರುತ್ತೇವೆ, ಮತ್ತೆ ಕರೆಯುವುದಿಲ್ಲ. ನಾನು ಅದನ್ನು ಅವಳಿಗೆ ಹೇಳಬಹುದಿತ್ತು. ಹೋಗುವುದನ್ನು ನಿಲ್ಲಿಸು ಎನ್ನಬಹುದಿತ್ತು. ಹೂಂ ಎಂದು ಕೇಳಿಕೊಂಡು ಸುಮ್ಮನಾದೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ಕಾವ್ಯಶ್ರೀ ಟ್ರಂಕು ಸಮೇತ ಬಂದಳು. ಕಲ್ಲೇಶನನ್ನು ಮದುವೆಯಾಗುತ್ತೇನೆ ಎಂದಳು.

"ಹೇಳಿಸಿದ್ಲಾ ನಿಮ್ಮತ್ತೆ? ಕೊನೆಗೂ ಹೇಳಿಸಿದ್ಲಾ?" ಜಯಶೀಲಾ ಕೈಯಲ್ಲಿದ್ದ ಸೌಟು ಬಿಸಾಡಿದಳು.

"ಅತ್ತೆ ಏನೂ ಹೇಳ್ಲಿಲ್ಲ. ಅಪ್ಪನೂ ಹೇಳ್ಲಿಲ್ಲ. ನಾನೇ ಅಪ್ಪನ್ನ ಕೇಳ್ದೆ, ಇಲ್ಲೇ ಇದ್ದುಬಿಡ್ಲಾ ಅಂತ. ಅವನು ಅತ್ತ."

"ನರ್ಸು ಆಗ್ತೀನಿ ಅಂದಿದ್ಯಲ್ಲೇ. ಯಾರಿಗೋಸ್ಕರ ನಾನು ಅಷ್ಟು ಜನರ ಮುಂದೆ..."

"ನಾನು ನಿನ್ನನ್ನ ಕೇಳಿದ್ನಾ?" ಎಂದಳು ಮಗಳು. ದನಿ ಏರಿಸಲಿಲ್ಲ. "ಅಲ್ಲಿ ಅಪ್ಪ ಸಿಗ್ತಾನಮ್ಮ. ಇಲ್ಲಿ ಏನೈತೆ?"

ಹದಿನೆಂಟು ತುಂಬಿತ್ತು. ತಡೆಯಲು ಕಾನೂನಿಲ್ಲ, ಪದ್ಧತಿಯೂ ಇಲ್ಲ. ಮೊದಲ ವರ್ಷದ ಪರೀಕ್ಷೆಗೆ ಅವಳು ಕೂರಲಿಲ್ಲ. ವೈಶಾಖದಲ್ಲಿ ಆದಿವಾಲದ ಮನೆ ಮುಂದೆಯೇ ಚಪ್ಪರ ಹಾಕಿ ಮದುವೆ ಮಾಡಿದರು. ನಾನೂ ಹೋಗಿದ್ದೆ. ಗಂಡ ಸತ್ತವಳು ಧಾರೆ ಎರೆಯುವಂತಿಲ್ಲವೆಂದು ಗೋವಿಂದಪ್ಪ ಮತ್ತು ಅವನ ಹೆಂಡತಿ ಎರೆದರು. ಜಯಶೀಲಾ ಅಡಿಗೆಯವರ ಕಡೆ ಹೋಗಿ ಕೂತು ಈರುಳ್ಳಿ ಹೆಚ್ಚಿದಳು. ಬೀಗಿತ್ತಿ ನೀನು, ಮೇಲೇಳು ಎಂದು ಯಾರೋ ಹೇಳಿದರೆ, "ನನಗೆ ಬರೋದು ಇದೊಂದೇ" ಎಂದಳು. ನಿಂಗಕ್ಕ ಬಂದು ಅವಳ ಪಕ್ಕ ಕೂತು, "ಜಯಾ, ನನ್ನ ತಮ್ಮ ಹೇಳಿದ್ದೇ ಆಯ್ತು ನೋಡೇ" ಎಂದಳು. ಗೆದ್ದವಳ ಗತ್ತು ಆ ಮಾತಿನಲ್ಲಿ ಇರಲಿಲ್ಲ, ಸಂತೋಷ ಇತ್ತು. ಜಯಶೀಲಾ ಇನ್ನೊಂದು ಈರುಳ್ಳಿ ತೆಗೆದುಕೊಂಡಳು.

ಈಗ ಕಾವ್ಯಶ್ರೀಗೆ ಏಳು ತಿಂಗಳು. ಮೊದಲ ಹೆರಿಗೆ ತವರಿನಲ್ಲಿ ಆಗಬೇಕು. ಜಯಶೀಲಾ ಶಾಲೆಯಲ್ಲಿ ರಜೆ ಹೇಳಿದ್ದಳು, ಮನೆಗೆ ಸುಣ್ಣ ಹೊಡೆಸಿದ್ದಳು, ಬಾಣಂತಿಗೆಂದು ಬೆಳ್ಳುಳ್ಳಿ, ಮೆಣಸು, ಹಳೇ ಬೆಲ್ಲ ಕೂಡಿಟ್ಟಿದ್ದಳು. ಕಳೆದ ವಾರ ಮಗಳು ಫೋನ್ ಮಾಡಿದಳು. ಹೆರಿಗೆ ಆದಿವಾಲದಲ್ಲೇ ಆಗಲಿ ಎಂದು ಅಪ್ಪ ಹೇಳಿದ್ದಾನಂತೆ. ಗಂಡಾದರೆ ತಿಮ್ಮೇಶನೇ ಬಂದಂತೆ, ಅದೇ ಹೆಸರಂತೆ. "ನೀನೇ ಇಲ್ಲಿಗೆ ಬಾರಮ್ಮ. ಅಪ್ಪ ನಿನ್ನನ್ನೂ ಕೇಳ್ತಿರ್ತಾನೆ" ಎಂದಳಂತೆ.

"ಏನು ಕೇಳ್ತಾನಂತೆ?" ಎಂದೆ ನಾನು.

"ಊಟ ಮಾಡ್ತಾಳಾ ಅಂತ."

ನನಗೆ ತಡೆಯಲಾಗಲಿಲ್ಲ. "ಹೋಗಿ ಬಾರೇ ಜಯಾ. ಅಲ್ಲಿ ಏನಾದ್ರೂ ಇರ್ಲಿ, ಮಗಳ ಹೆರಿಗೆ" ಎಂದೆ.

ಅವಳು ಮೊರದಲ್ಲಿದ್ದ ಬೇಳೆಯನ್ನು ಕೈಯಿಂದ ಹರಡುತ್ತ ಕೂತಿದ್ದಳು. ಒಂದು ಕಲ್ಲೂ ತೆಗೆಯಲಿಲ್ಲ.

"ಮೊದಲಿನ ಜಯಶೀಲಾ ಆಗಿದ್ರೆ ಹೋಗಿ, ನಕ್ಕು, ಬಾಣಂತನ ಮಾಡಿ ಬರ್ತಿದ್ದೆ. ಈಗ ಹೋದ್ರೆ ನಂಬಿಬಿಡ್ತೀನಿ ಅಕ್ಕ. ನಂಬಿದ್ರೆ, ಅವತ್ತು ತಲೆ ಮೇಲೆ ನೀರು ಸುರಿದು ಓಡಿಸಿದ್ದು ಅವನನ್ನೇ ಅಂತ ಆಗ್ತದೆ. ಅದನ್ನ ಹೊತ್ಕೊಂಡು ಬದುಕಾಕೆ ನನ್ನ ಕೈಲಿ ಆಗಲ್ಲ."

ಕೂಡಿಟ್ಟಿದ್ದ ಬೆಳ್ಳುಳ್ಳಿ, ಮೆಣಸು, ಬೆಲ್ಲವನ್ನು ಚೀಲಕ್ಕೆ ತುಂಬಿ ನಿನ್ನೆ ಹಿರಿಯೂರಿನ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕೊಟ್ಟು ಕಳಿಸಿದಳು. ಕಲ್ಲೇಶ ಬಂದು ಇಳಿಸಿಕೊಂಡನಂತೆ. ಶಾಲೆಯಲ್ಲಿ ಹೇಳಿದ್ದ ರಜೆಯನ್ನು ಬೇಡವೆಂದು ವಾಪಸು ಬರೆದುಕೊಟ್ಟಿದ್ದಾಳೆ.